ಸಚಿವರು ಸದನದಲ್ಲಿ ಉತ್ತರ ಕೊಡದಿದ್ದರೆ ಹೈಕೋರ್ಟಿಗೆ ಹೋಗಬಹುದೇ?

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಸಣ್ಣ ಕಾಫಿ ಬೆಳೆಗಾರ. ಕಾಡಾನೆಗಳು ತೋಟಕ್ಕೆ ನುಗ್ಗಿ ಕಾಫಿ, ಬಾಳೆ, ಅಡಿಕೆಯನ್ನು ಹಾಳು ಮಾಡುತ್ತಿವೆ. ನಮ್ಮ ಭಾಗದಲ್ಲಿ ಬೆಳೆಹಾನಿ ಪರಿಹಾರದ ಎಷ್ಟು ಅರ್ಜಿಗಳು ಬಾಕಿ ಇವೆ, ಯಾವಾಗ ಇತ್ಯರ್ಥವಾಗುತ್ತವೆ ಎಂದು ಶಾಸಕರೊಬ್ಬರು ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿದರು. ಒಂದು ಅಧಿವೇಶನದಲ್ಲಿ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬಂತು, ಮುಂದಿನ ಅಧಿವೇಶನದಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಬಂತು. ಶಾಸಕರ ಪ್ರಶ್ನೆಗೆ ಸರಿಯಾದ ಉತ್ತರ ಕೊಡಿ ಎಂದು ಸಚಿವರಿಗೆ ಹೈಕೋರ್ಟಿನಿಂದ ಆದೇಶ ತರಲು ಸಾಧ್ಯವೇ? ಅರ್ಜಿ ಹಾಕಬೇಕಾದವರು ನಾವೋ, ಶಾಸಕರೋ?

ಉತ್ತರ: ನೀವು ಕೇಳುತ್ತಿರುವ ಆದೇಶ ಸಿಗುವುದಿಲ್ಲ. ನೀವು ಅರ್ಜಿ ಹಾಕಿದರೂ ಅಷ್ಟೇ, ಶಾಸಕರೇ ಹಾಕಿದರೂ ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬೆಂಗಳೂರಿಗೆ ಓಡಾಡಿ, ಶುಲ್ಕ ಕಟ್ಟಿ, ಕೊನೆಗೆ ‘ಇದು ಸದನದ ವಿಚಾರ’ ಎಂಬ ಒಂದು ಸಾಲಿನೊಂದಿಗೆ ಊರಿಗೆ ಮರಳುವುದು ಯಾರಿಗೂ ಬೇಡ. ಆದರೆ ಸದನದಲ್ಲಿ ಹೊರಬಾರದ ಅದೇ ಲೆಕ್ಕವನ್ನು ಅದೇ ಇಲಾಖೆಯ ಕೈಯಲ್ಲಿ ಪ್ರಮಾಣಪತ್ರದ ಮೇಲೆ ಬರೆಸುವ ಶಕ್ತಿ ಹೈಕೋರ್ಟಿಗೆ ಇದೆ. ನೀವು ಏನನ್ನು ಕೋರಿ ಹೋಗುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಬಾಗಿಲು ಮುಚ್ಚಿರುವುದು ಏಕೆ ಎಂದು ನೋಡೋಣ. ಸಂವಿಧಾನದ 212ನೇ ವಿಧಿ ರಾಜ್ಯ ಶಾಸಕಾಂಗಕ್ಕೆ ಸಂಬಂಧಿಸಿದ್ದು. ಕಾರ್ಯವಿಧಾನದಲ್ಲಿ ಲೋಪವಾಗಿದೆ ಎಂಬ ಕಾರಣಕ್ಕೆ ಸದನದ ಕಲಾಪವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು ಅದು ಹೇಳುತ್ತದೆ. ಕಲಾಪವನ್ನು ನಿಯಂತ್ರಿಸುವ ಅಧಿಕಾರ ಪಡೆದವರು, ಅಂದರೆ ಮುಖ್ಯವಾಗಿ ಸಭಾಧ್ಯಕ್ಷರು, ಆ ಅಧಿಕಾರವನ್ನು ಹೇಗೆ ಚಲಾಯಿಸಿದರು ಎಂಬುದೂ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ ಎಂದೂ ಹೇಳುತ್ತದೆ. ಸಂಸತ್ತಿಗೆ ಇದೇ ಮಾತನ್ನು 122ನೇ ವಿಧಿಯಲ್ಲಿ ಬರೆಯಲಾಗಿದೆ. ಇನ್ನು ಪ್ರಶ್ನೋತ್ತರ ವೇಳೆಯ ಹೆಸರನ್ನು ಸಂವಿಧಾನದಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದು 208ನೇ ವಿಧಿಯ ಅಡಿಯಲ್ಲಿ ಸದನವೇ ಮಾಡಿಕೊಂಡ ನಿಯಮಾವಳಿಯಿಂದ ಬಂದದ್ದು. ರಿಟ್ ಅರ್ಜಿಯಲ್ಲಿ ಪರಮಾದೇಶ, ಅಂದರೆ ‘ನಿನ್ನ ಕರ್ತವ್ಯ ಮಾಡು’ ಎಂದು ಹೈಕೋರ್ಟ್ ಕೊಡುವ ಆದೇಶ, ಹೊರಡಬೇಕಾದರೆ ಕೇಳುವವರಿಗೆ ಕಾನೂನಿನ ಹಕ್ಕು ಇರಬೇಕು, ಎದುರಿನವರಿಗೆ ಕಾನೂನಿನ ಕರ್ತವ್ಯ ಇರಬೇಕು. ಸದನದ ನಿಯಮದಿಂದ ಹುಟ್ಟಿದ ಕರ್ತವ್ಯವನ್ನು ಸದನವೇ ಜಾರಿ ಮಾಡಿಕೊಳ್ಳಬೇಕು ಎಂಬುದು ಕೋರ್ಟುಗಳ ನಿಲುವು. 164ನೇ ವಿಧಿ ಮಂತ್ರಿಮಂಡಲವನ್ನು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿಸಿದೆ ನಿಜ. ಆ ಹೊಣೆಯನ್ನು ವಸೂಲು ಮಾಡಬೇಕಾದ್ದೂ ವಿಧಾನಸಭೆಯೇ.

ಇದು ಸಚಿವರಿಗೆ ಕೊಟ್ಟ ರಕ್ಷಾಕವಚ ಎಂದು ಅನೇಕರು ಸಿಟ್ಟಾಗುತ್ತಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ಒಪ್ಪಲಾರೆ. ಸಚಿವರ ಉತ್ತರ ಸಾಕೋ ಸಾಲದೋ ಎಂದು ತೂಗುವ ಅಧಿಕಾರ ಕೋರ್ಟಿಗೆ ಸಿಕ್ಕರೆ, ಶಾಸಕರ ಪ್ರಶ್ನೆ ಸರಿಯೋ ತಪ್ಪೋ ಎಂದು ತೂಗುವ ಅಧಿಕಾರವೂ ಅದರ ಬೆನ್ನಿಗೇ ಬರುತ್ತದೆ. ಪ್ರಭಾವಿ ಗುತ್ತಿಗೆದಾರನೊಬ್ಬನ ಹೆಸರು ಹಿಡಿದು ಶಾಸಕರು ಸದನದಲ್ಲಿ ಪ್ರಶ್ನೆ ಎತ್ತಿದಾಗ, ಮರುದಿನವೇ ಮಾನನಷ್ಟದ ದಾವೆ ಬೀಳದಂತೆ ಕಾಯುವುದು 194ನೇ ವಿಧಿ. ಇಂಗ್ಲೆಂಡಿನಲ್ಲಿ ರಾಜರು ತಮಗೆ ಆಗದ ಸಂಸದರನ್ನು ಕೋರ್ಟುಗಳ ಮೂಲಕವೇ ಸೆರೆಗೆ ತಳ್ಳುತ್ತಿದ್ದರು. 1689ರ ಹಕ್ಕುಗಳ ಮಸೂದೆಯಲ್ಲಿ ಸಂಸತ್ತಿನ ಮಾತನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಬಾರದು ಎಂಬ ಸಾಲು ಸೇರಿದ್ದು ಆ ನೋವಿನಿಂದ. ನಮ್ಮ 194ನೇ ಮತ್ತು 212ನೇ ವಿಧಿಗಳ ಬೇರು ಅಲ್ಲಿದೆ. ಸಚಿವರ ಮೌನಕ್ಕೆ ಸಿಟ್ಟಾಗಿ ಆ ಬೇರನ್ನೇ ಕಡಿದರೆ, ಮೊದಲು ಬೀಳುವವರು ವಿರೋಧ ಪಕ್ಷದ ಶಾಸಕರು.

ಹಾಗೆಂದು ಸದನದೊಳಗೆ ನಡೆದದ್ದನ್ನು ಕೋರ್ಟ್ ಎಂದೂ ಮುಟ್ಟುವುದಿಲ್ಲ ಎಂದಲ್ಲ. ಪ್ರಶ್ನೆ ಕೇಳಲು ಹಣ ಪಡೆದ ಆರೋಪದ ಮೇಲೆ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಉಚ್ಚಾಟಿಸಲಾಯಿತು. ಅವರಲ್ಲೊಬ್ಬರಾದ ರಾಜಾ ರಾಮ್ ಪಾಲ್ ಅವರ ಪ್ರಕರಣದಲ್ಲಿ 2007ರ ಜನವರಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಚ್ಚಾಟನೆಯನ್ನು ಬಹುಮತದಿಂದ ಎತ್ತಿಹಿಡಿಯಿತು. ಜೊತೆಗೆ ಒಂದು ಗೆರೆಯನ್ನೂ ಎಳೆಯಿತು: ಬರೀ ಕಾರ್ಯವಿಧಾನದ ಲೋಪವಾದರೆ ಕೋರ್ಟ್ ಒಳಬರುವುದಿಲ್ಲ, ಘೋರ ಅಕ್ರಮ ಅಥವಾ ಸಂವಿಧಾನದ ಉಲ್ಲಂಘನೆಯಾದರೆ ಬರುತ್ತದೆ. ಮಹಾರಾಷ್ಟ್ರದ 12 ಶಾಸಕರನ್ನು ಒಂದು ವರ್ಷ ಅಮಾನತಿನಲ್ಲಿಟ್ಟದ್ದನ್ನು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಈ ಗೆರೆಯ ಆಚೆ ಕಾಲಿಟ್ಟದ್ದಕ್ಕೆ. ಒಂದು ಪಕ್ಷದ ಅಥವಾ ಒಂದು ಪ್ರದೇಶದ ಸದಸ್ಯರ ಪ್ರಶ್ನೆಗಳನ್ನೆಲ್ಲ ವರ್ಷಗಟ್ಟಲೆ ತಿರಸ್ಕರಿಸುತ್ತಾ ಬಂದರೆ ಸಮಾನತೆಯ ವಾದ ಹೂಡಲು ಜಾಗವಿದೆ ಎಂಬುದು ನನ್ನ ಅಭಿಪ್ರಾಯ. ಎರಡು ಅಧಿವೇಶನಗಳ ಹಾರಿಕೆಯ ಉತ್ತರ ಆ ಮಟ್ಟ ಮುಟ್ಟುವುದಿಲ್ಲ.

ಬೇರೆ ದೇಶಗಳಲ್ಲಿ ಆಗುತ್ತದಲ್ಲ ಎಂದು ನೀವು ಕೇಳಬಹುದು. ಆಗುತ್ತದೆ. ಜರ್ಮನಿಯಲ್ಲಿ ಸಂಸದರಾಗಲಿ, ಸಂಸದೀಯ ಪಕ್ಷಗಳಾಗಲಿ ಸರ್ಕಾರದ ವಿರುದ್ಧ ನೇರವಾಗಿ ಸಂವಿಧಾನ ನ್ಯಾಯಾಲಯಕ್ಕೆ ಹೋಗಬಹುದು. ಸಂವಿಧಾನದ ಒಂದು ಅಂಗ ಇನ್ನೊಂದು ಅಂಗದ ಮೇಲೆ ದೂರು ಕೊಡುವ ಪ್ರತ್ಯೇಕ ವ್ಯವಸ್ಥೆಯೇ ಅಲ್ಲಿದೆ. ಜರ್ಮನ್ ರೈಲ್ವೆ ಕಂಪನಿ ಮತ್ತು ಬ್ಯಾಂಕುಗಳ ಮೇಲ್ವಿಚಾರಣೆಯ ಬಗ್ಗೆ ಸಂಸದರು ಕೇಳಿದ ಪ್ರಶ್ನೆಗಳಿಗೆ ಸರ್ಕಾರ ಸಮರ್ಪಕವಾಗಿ ಉತ್ತರಿಸಲಿಲ್ಲ, ಇದು ಸದಸ್ಯರ ಹಕ್ಕಿನ ಉಲ್ಲಂಘನೆ ಎಂದು ಆ ನ್ಯಾಯಾಲಯ 2017ರ ನವೆಂಬರ್ 7ರಂದು ತೀರ್ಪು ಕೊಟ್ಟಿತು. ಆ ತೀರ್ಪನ್ನು ನಮ್ಮ ಹೈಕೋರ್ಟಿನ ಮುಂದೆ ಓದಿ ಪ್ರಯೋಜನವಿಲ್ಲ. ಅಲ್ಲಿನ ಸಂವಿಧಾನ ಕೊಟ್ಟ ಆ ದಾರಿಯನ್ನು ನಮ್ಮದು ಕೊಟ್ಟಿಲ್ಲ. ಕೊಡಬೇಕಿತ್ತೇ ಎಂಬುದು ಚರ್ಚೆಗೆ ಯೋಗ್ಯವಾದ ವಿಷಯ, ಆದರೆ ಅದರಿಂದ ನಿಮ್ಮ ತೋಟದ ಪರಿಹಾರ ಬರುವುದಿಲ್ಲ.

ಸದನ ಮನಸ್ಸು ಮಾಡಿದರೆ ತನ್ನ ಪ್ರಶ್ನೆಯ ಗೌರವವನ್ನು ಎಷ್ಟು ದೂರ ಕಾಯಬಲ್ಲದು ಎಂಬುದಕ್ಕೆ ಸಾಕ್ಷಿ ನಿಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಇದೆ. 1978ರ ನವೆಂಬರ್ ಉಪಚುನಾವಣೆಯಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಕ್ಷೇತ್ರದಿಂದ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದದ್ದು ಎಲ್ಲರಿಗೂ ಗೊತ್ತು. ಮರು ತಿಂಗಳು, ಡಿಸೆಂಬರ್ 19ರಂದು, ಲೋಕಸಭೆ ಅವರನ್ನು ಉಚ್ಚಾಟಿಸಿ ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳುಹಿಸಿತು. ಏಕೆ ಎಂದು ಕೇಳಿದರೆ ಬಹಳ ಮಂದಿ ತುರ್ತು ಪರಿಸ್ಥಿತಿಯ ಹೆಸರು ಹೇಳುತ್ತಾರೆ. ದಾಖಲೆಯಲ್ಲಿರುವ ಕಾರಣ ಬೇರೆ. ಅವರು ಪ್ರಧಾನಿಯಾಗಿದ್ದಾಗ ಮಗ ಸಂಜಯ್ ಗಾಂಧಿಯವರ ಮಾರುತಿ ಲಿಮಿಟೆಡ್ ಕಂಪನಿಯ ಬಗ್ಗೆ ಲೋಕಸಭೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಅದಕ್ಕೆ ಉತ್ತರ ಸಿದ್ಧಪಡಿಸಲು ಮಾಹಿತಿ ಕಲೆಹಾಕುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಅಡ್ಡಿ ಮಾಡಿ, ಅವರಿಗೆ ಕಿರುಕುಳ ಕೊಟ್ಟರು, ಇದು ಸದನದ ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕುಗಳ ಉಲ್ಲಂಘನೆ, ಎಂದು ಹಕ್ಕುಬಾಧ್ಯತಾ ಸಮಿತಿ ತೀರ್ಮಾನಿಸಿತ್ತು. ಸದನದ ಪ್ರಶ್ನೆಗೆ ಮಾಹಿತಿ ಸಂಗ್ರಹಿಸುವ ಕೆಲಸಕ್ಕೆ ಅಡ್ಡಿಯಾದರು ಎಂಬ ಕಾರಣಕ್ಕೆ ಚಿಕ್ಕಮಗಳೂರು ತನ್ನ ಸಂಸದರನ್ನು ಕಳೆದುಕೊಂಡಿತು. ಆ ನಿರ್ಣಯದ ಹಿಂದೆ ರಾಜಕೀಯ ದ್ವೇಷ ಇತ್ತು ಎಂಬ ವಾದವನ್ನು ತಳ್ಳಿಹಾಕಲಾಗದು. 1981ರ ಮೇ 7ರಂದು ಮುಂದಿನ ಲೋಕಸಭೆಯೇ ಆ ನಿರ್ಣಯವನ್ನು ಹಿಂತೆಗೆದುಕೊಂಡಿತು. ಶಿಕ್ಷೆ ಸರಿಯೋ ತಪ್ಪೋ, ಅದನ್ನು ಕೊಟ್ಟದ್ದೂ ಹಿಂತೆಗೆದುಕೊಂಡದ್ದೂ ಸದನ. ಹಾಗಾಗಿ ನಿಮ್ಮ ಶಾಸಕರು ‘ನನ್ನ ಕೈಯಲ್ಲಿ ಏನಿದೆ’ ಎಂದರೆ ಅದನ್ನು ಒಪ್ಪಬೇಡಿ. ಅವರ ಕೈಯಲ್ಲಿ ಸಾಕಷ್ಟಿದೆ.

ಈಗ ಆ ಉತ್ತರದ ಹಾಳೆಯನ್ನು ಕೈಗೆತ್ತಿಕೊಳ್ಳೋಣ. ವಿಧಾನಸಭೆಯ ಉತ್ತರ ಹೇಗಿರುತ್ತದೆ ಎಂದು ನೀವು ನೋಡಿರುತ್ತೀರಿ: ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎಡಕ್ಕೆ ಅ, ಆ, ಇ, ಈ ಎಂದು ಪ್ರಶ್ನೆಯ ಭಾಗಗಳು, ಬಲಕ್ಕೆ ಉತ್ತರಗಳು. ‘ಕಾಡಾನೆ ಹಾವಳಿಯಿಂದ ಬೆಳೆಗಾರರು ಸಂಕಷ್ಟದಲ್ಲಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದರೆ ಬಲಗಡೆ ‘ಬಂದಿದೆ’ ಎಂಬ ಒಂದೇ ಪದ. ‘ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಎಂದರೆ ಯೋಜನೆಗಳ ಉದ್ದನೆಯ ಪಟ್ಟಿ. ‘ಪರಿಹಾರ ವಿಳಂಬವಾಗುತ್ತಿರುವುದು ನಿಜವೇ?’ ಎಂದರೆ ‘ಇಲ್ಲ’. ‘ಹಾಗಿದ್ದಲ್ಲಿ ಕಾರಣವೇನು?’ ಎಂದರೆ ‘ಉದ್ಭವಿಸುವುದಿಲ್ಲ’. ಪ್ರಶ್ನೆಯೇ ಹೌದು-ಅಲ್ಲಗಳಿಗೆ ಜಾಗ ಬಿಟ್ಟಿದ್ದರಿಂದ ಉತ್ತರ ಆ ಜಾಗದಲ್ಲಿ ತಪ್ಪಿಸಿಕೊಂಡಿತು. ಪ್ರಶ್ನೆಯ ಕರಡನ್ನು ಶಾಸಕರ ಆಪ್ತ ಸಹಾಯಕರಿಗೆ ಬಿಡಬೇಡಿ. ನಿಮ್ಮ ಬೆಳೆಗಾರರ ಸಂಘವೇ ಕುಳಿತು ಬರೆದುಕೊಡಲಿ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ಅರಣ್ಯ ವಲಯ ಕಚೇರಿಯಲ್ಲಿ ಸ್ವೀಕರಿಸಿದ ಬೆಳೆಹಾನಿ ಅರ್ಜಿಗಳೆಷ್ಟು? ಮಹಜರು ಮುಗಿದವು ಎಷ್ಟು? ಮಂಜೂರಾಗಿಯೂ ಹಣ ಪಾವತಿಯಾಗದವು ಎಷ್ಟು? ಅತಿ ಹಳೆಯ ಬಾಕಿ ಅರ್ಜಿಯ ದಿನಾಂಕ ಯಾವುದು? ಇಂಥ ಪ್ರಶ್ನೆಯ ಎದುರು ‘ಉದ್ಭವಿಸುವುದಿಲ್ಲ’ ಎಂದು ಬರೆಯಲು ಅಧಿಕಾರಿಯ ಕೈ ಹಿಂಜರಿಯುತ್ತದೆ.

ನಿಮಗೆ ಬಂದ ಆ ಎರಡು ಉತ್ತರಗಳು ವ್ಯರ್ಥ ಎಂದು ನೀವು ಭಾವಿಸಿದ್ದೀರಿ. ಅಲ್ಲ. ಸಂಸತ್ತಿನಲ್ಲಿ ಯಾವ ಯಾವ ವಾಕ್ಯಗಳನ್ನು ಸರ್ಕಾರದ ಭರವಸೆ ಎಂದು ಪರಿಗಣಿಸಬೇಕು ಎಂಬ ಪಟ್ಟಿಯೇ ಇದೆ. ‘ವಿಷಯ ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು’ ಎಂಬವು ಅದರಲ್ಲಿ ಸೇರಿವೆ. ಲೋಕಸಭೆಯಲ್ಲಿ ಅಂಥ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು. ನಮ್ಮ ವಿಧಾನಸಭೆಯಲ್ಲಿಯೂ ವಿಧಾನ ಪರಿಷತ್ತಿನಲ್ಲಿಯೂ ಸರ್ಕಾರಿ ಭರವಸೆಗಳ ಸಮಿತಿಗಳಿವೆ. ಸಚಿವರು ತಪ್ಪಿಸಿಕೊಳ್ಳಲು ಬಳಸಿದ ವಾಕ್ಯವೇ ಅವರನ್ನು ಈ ಸಮಿತಿಯ ಮುಂದೆ ನಿಲ್ಲಿಸಬಲ್ಲದು. ನಿಮ್ಮ ಶಾಸಕರು ಆ ಉತ್ತರದ ಪ್ರತಿಯನ್ನು ಲಗತ್ತಿಸಿ ಸಮಿತಿಯ ಅಧ್ಯಕ್ಷರಿಗೆ ಒಂದು ಪತ್ರ ಬರೆಯಲಿ. ಇಲಾಖೆಯ ಕಾರ್ಯದರ್ಶಿಯನ್ನೇ ಕರೆಸಿ ವಿಚಾರಿಸಲು ಸಮಿತಿಗೆ ಸಾಧ್ಯ. ದಿನಪತ್ರಿಕೆಗಳು ಗದ್ದಲ ಗಲಾಟೆಯನ್ನು ವರದಿ ಮಾಡುವ ಹಾಗೆ ಈ ಸಮಿತಿಗಳ ಕೆಲಸವನ್ನು ವರದಿ ಮಾಡುವುದಿಲ್ಲ, ಹಾಗಾಗಿ ಜನರಿಗೆ ಇದು ಗೊತ್ತೇ ಆಗುವುದಿಲ್ಲ. ಉತ್ತರ ಅಪೂರ್ಣ ಎನಿಸಿದರೆ ಅರ್ಧ ಗಂಟೆ ಚರ್ಚೆ ಕೇಳಬಹುದು, ಗಮನ ಸೆಳೆಯುವ ಸೂಚನೆ ಕೊಡಬಹುದು. ಕೊಟ್ಟ ಅಂಕಿ ಸುಳ್ಳು, ಅದೂ ಗೊತ್ತಿದ್ದೇ ಹೇಳಿದ ಸುಳ್ಳು ಎಂದು ದಾಖಲೆ ಸಮೇತ ತೋರಿಸಬಲ್ಲಿರಾದರೆ ಹಕ್ಕುಚ್ಯುತಿ ಸೂಚನೆಯ ದಾರಿಯೂ ಇದೆ. ಅದಕ್ಕೆ ‘ಗೊತ್ತಿದ್ದೇ’ ಎಂಬುದನ್ನು ತೋರಿಸುವುದು ಕಷ್ಟ.

ಇಲ್ಲಿ ನನಗೆ ನಿಜವಾಗಿ ನೋವು ಕೊಡುವ ಒಂದು ಸಂಗತಿಯನ್ನು ಹೇಳಬೇಕು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಎಂದು 2005ರಲ್ಲಿಯೇ ನಮ್ಮ ರಾಜ್ಯ ಕಾನೂನು ಮಾಡಿಕೊಂಡಿದೆ. ಹೆಚ್ಚಿನ ವರ್ಷಗಳಲ್ಲಿ ಆ ಲೆಕ್ಕ ತುಂಬಿಲ್ಲ. ಸದನ ಸೇರುವ ದಿನಗಳೇ ಕಡಿಮೆಯಾದರೆ ಪ್ರಶ್ನೋತ್ತರದ ದಿನಗಳೂ ಕಡಿಮೆ, ಅದರೊಳಗೆ ಧರಣಿಯಿಂದ ಕೊಚ್ಚಿಹೋಗುವ ದಿನಗಳು ಬೇರೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಮೌಖಿಕ ಉತ್ತರ ಸಿಗುತ್ತದೆ, ಪೂರಕ ಪ್ರಶ್ನೆ ಕೇಳಿ ಸಚಿವರನ್ನು ಹಿಡಿದು ನಿಲ್ಲಿಸುವ ಅವಕಾಶ ಇರುವುದು ಅಲ್ಲಿ ಮಾತ್ರ. ಆ ದಿನ ಸದನ ಮುಂದೂಡಿದರೆ ಉಳಿಯುವುದು ಬರೀ ಮುದ್ರಿತ ಹಾಳೆ. ನೀವು ಸಿಟ್ಟಾಗಬೇಕಾದದ್ದು ಇದಕ್ಕೆ, ಮತ್ತು ಆ ಸಿಟ್ಟನ್ನು ಎಲ್ಲ ಪಕ್ಷಗಳ ಶಾಸಕರ ಮುಂದೆಯೂ ಹೇಳಬೇಕು.

ಹಾಗಾದರೆ ಕೋರ್ಟ್? ನಿಮ್ಮ ಪರಿಹಾರದ ಅರ್ಜಿ ಬಾಕಿ ಇರುವುದು ಸದನದ ವಿಚಾರವಲ್ಲ. ಅದು ಆಡಳಿತದ ವಿಚಾರ, 226ನೇ ವಿಧಿಯ ಅಡಿಯಲ್ಲಿ ಹೈಕೋರ್ಟಿಗೆ ನೇರವಾಗಿ ಸಲ್ಲುವಂಥದ್ದು. ‘ಸಚಿವರು ಉತ್ತರಿಸಲಿ’ ಎಂಬ ಕೋರಿಕೆಯ ಬದಲು ‘ಇಂಥ ದಿನಾಂಕದ ನನ್ನ ಅರ್ಜಿಯನ್ನು ನಿಯಮದಂತೆ, ನಿಗದಿತ ಅವಧಿಯಲ್ಲಿ ತೀರ್ಮಾನಿಸಲು ನಿರ್ದೇಶಿಸಿ’ ಎಂದು ಕೋರಿ. ಆಗ ಸರ್ಕಾರ ಆಕ್ಷೇಪಣೆ ಸಲ್ಲಿಸಬೇಕಾಗುತ್ತದೆ, ಪೀಠ ಕೇಳಿದರೆ ಅಧಿಕಾರಿ ಪ್ರಮಾಣಪತ್ರದ ಮೇಲೆ ಅಂಕಿ-ಅಂಶ ಕೊಡಬೇಕಾಗುತ್ತದೆ. ಸದನದಲ್ಲಿ ‘ಸಂಗ್ರಹಿಸಲಾಗುತ್ತಿದೆ’ ಎಂದ ಲೆಕ್ಕ ಅಲ್ಲಿ ಹೊರಬರುತ್ತದೆ. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಿಗೆ ಬೆಂಗಳೂರಿನ ಪ್ರಧಾನ ಪೀಠವೇ ನ್ಯಾಯಸ್ಥಾನ. ನಿಮ್ಮ ಒಬ್ಬರ ಅರ್ಜಿಯ ವಿಚಾರಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬೇಡ, ಸಾಮಾನ್ಯ ರಿಟ್ ಸಾಕು. ನ್ಯಾಯಾಲಯ ಕೊಟ್ಟ ಗಡುವು ಮೀರಿದರೆ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬಹುದು, ಅದಕ್ಕೆ ಒಂದು ವರ್ಷದ ಕಾಲಮಿತಿ ಇದೆ ಎಂಬುದನ್ನು ಮರೆಯಬೇಡಿ.

ಸದನದ ಆ ಉತ್ತರ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಸದನದಲ್ಲಿ ಹೇಳಿದ ಮಾತಿಗೆ ಸಚಿವರನ್ನು ಕೋರ್ಟಿಗೆ ಎಳೆಯುವಂತಿಲ್ಲ, ಆದರೆ ಅದನ್ನು ದಾಖಲೆಯಾಗಿ ಕೋರ್ಟಿನ ಮುಂದಿಡಬಹುದು. ಸಂಸದೀಯ ಸಮಿತಿಯ ವರದಿಯನ್ನು ಪ್ರಶ್ನಿಸುವಂತಿಲ್ಲ, ಆದರೆ ಅದನ್ನು ನ್ಯಾಯಾಲಯ ಪರಿಗಣಿಸಬಹುದು ಎಂದು ಕಲ್ಪನಾ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರಲ್ಲಿ ಹೇಳಿದೆ. ಸದನದ ಉತ್ತರಕ್ಕೂ ಅದೇ ತರ್ಕ ಹೊಂದುತ್ತದೆ. ಸಮಸ್ಯೆ ‘ಗಮನಕ್ಕೆ ಬಂದಿದೆ’ ಎಂದು ಸರ್ಕಾರವೇ ಬರೆದುಕೊಟ್ಟ ಹಾಳೆ ಲಗತ್ತಾಗಿದ್ದರೆ, ‘ನಮಗೆ ತಿಳಿದಿರಲಿಲ್ಲ’ ಎಂದು ಸರ್ಕಾರಿ ವಕೀಲರು ವಾದಿಸಲಾರರು.

ಆನೆಯ ವಿಚಾರದಲ್ಲಿ ಕೋರ್ಟಿನ ದಾರಿ ಎಷ್ಟು ದೂರ ಹೋಗಿದೆ ಎಂಬುದನ್ನು ನಿಮ್ಮ ನೆರೆಯ ಹಾಸನ ಜಿಲ್ಲೆಯವರು ಬಲ್ಲರು. ಆನೆ ತಜ್ಞ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರ ಸೆಪ್ಟೆಂಬರ್‌ನಲ್ಲಿ ತನ್ನ ವರದಿಯನ್ನು ಸಲ್ಲಿಸಿದ್ದು ಹೈಕೋರ್ಟಿಗೆ. ಆನೆ ಸಂರಕ್ಷಣೆಯ ವಲಯ, ಆನೆ-ಮನುಷ್ಯ ಸಹಬಾಳ್ವೆಯ ವಲಯ, ಆನೆಗಳನ್ನು ತೆರವುಗೊಳಿಸಬೇಕಾದ ವಲಯ ಎಂದು ಅದು ರಾಜ್ಯವನ್ನು ಮೂರಾಗಿ ವಿಂಗಡಿಸಿತು. ಆಲೂರು-ಸಕಲೇಶಪುರ ಭಾಗವನ್ನು ಮೂರನೆಯದಕ್ಕೆ ಸೇರಿಸಿತು. 2014ರಲ್ಲಿ ಆ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ, ಆನೆಗಳು ಮತ್ತೆ ಬಂದವು. ಆದರೂ ಸದನದ ಪ್ರಶ್ನೋತ್ತರದಲ್ಲಿ ವರ್ಷಗಟ್ಟಲೆ ಸಿಗದ ಕ್ಷೇತ್ರ ಅಧ್ಯಯನ, ನಕ್ಷೆ, ಶಿಫಾರಸು ಒಂದು ಮೊಕದ್ದಮೆಯಲ್ಲಿ ದೊರೆತವು.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನ್ಯಾಯಾಲಯದ ವಿಚಾರಣೆಯಲ್ಲಿರುವ ವಿಷಯದ ಮೇಲೆ ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ ಎಂಬುದು ಶಾಸನಸಭೆಗಳ ಸಾಮಾನ್ಯ ನಿಯಮ. ನೀವು ಆತುರದಲ್ಲಿ ಇಡೀ ಜಿಲ್ಲೆಯ ಪರಿಹಾರ ವ್ಯವಸ್ಥೆಯ ಮೇಲೆ ಒಂದು ದೊಡ್ಡ ಅರ್ಜಿ ಹಾಕಿದರೆ, ಮುಂದಿನ ಅಧಿವೇಶನದಲ್ಲಿ ಸಚಿವರಿಗೆ ‘ವಿಷಯ ನ್ಯಾಯಾಲಯದಲ್ಲಿದೆ’ ಎಂಬ ಹೊಸ ಉತ್ತರವನ್ನು ನೀವೇ ಕೊಟ್ಟಂತಾಗುತ್ತದೆ. ಅದಕ್ಕೇ ಕೋರ್ಟಿನ ಕೋರಿಕೆ ನಿಮ್ಮ ಅರ್ಜಿಗಷ್ಟೇ ಸೀಮಿತವಾಗಿರಲಿ, ನೀತಿಯ ಪ್ರಶ್ನೆ ಸದನದಲ್ಲಿಯೇ ಉಳಿಯಲಿ.

ಇವೆರಡಕ್ಕೂ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ವಲಯ ಕಚೇರಿಯ ಬಾಕಿ ಅರ್ಜಿಗಳ ವಹಿಯ ನಕಲು ಕೇಳಿ. ಸದನದ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿದ ಕಡತದ ಟಿಪ್ಪಣಿ ಹಾಳೆಗಳನ್ನೂ ಕೇಳಿ. ತಾಲ್ಲೂಕಿನಿಂದ ಅಂಕಿ ಹೋಗಿತ್ತೇ, ಹೋಗಿ ಬೆಂಗಳೂರಿನಲ್ಲಿ ನಿಂತಿತೇ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಶಾಸಕಾಂಗದ ಹಕ್ಕಿಗೆ ಧಕ್ಕೆ ಎಂಬ ನೆಪ ಹೇಳಿ ನಿರಾಕರಿಸಲು 2005ರ ಮಾಹಿತಿ ಹಕ್ಕು ಕಾಯ್ದೆಯ 8ನೇ ಪ್ರಕರಣದಲ್ಲಿ ಒಂದು ವಿನಾಯಿತಿ ಇದೆ, ಆದರೆ ಸದನದಲ್ಲಿ ಉತ್ತರ ಮಂಡನೆಯಾದ ಮೇಲೆ ಆ ನೆಪ ದುರ್ಬಲ. ‘ಶಾಸಕಾಂಗಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ’ ಎಂಬ ಅದೇ ಕಾಯ್ದೆಯ ಸಾಲನ್ನು ನಿಮಗೆ ಯಾರಾದರೂ ತೋರಿಸಬಹುದು. ಆ ಸಾಲಿದ್ದ ಜಾಗವನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ತಿದ್ದಿದೆ. ನಿಮ್ಮ ವಾದವನ್ನು ಅದರ ಮೇಲೆ ಕಟ್ಟಬೇಡಿ.

ಮಾಹಿತಿ ಹಕ್ಕಿನ ಉತ್ತರ ಕೈಗೆ ಬಂದ ಮೇಲೆ ಅದರ ಅಂಕಿಗಳನ್ನಿಟ್ಟುಕೊಂಡು ಹೊಸ ಪ್ರಶ್ನೆಯ ಕರಡು ಬರೆಯಿರಿ, ಭರವಸೆಗಳ ಸಮಿತಿಗೆ ಹೋಗುವ ಪತ್ರವನ್ನೂ ಅದೇ ದಿನ ಶಾಸಕರ ಸಹಿಗೆ ಕೊಡಿ. ಮುಂದಿನ ಅಧಿವೇಶನಕ್ಕೂ ಪರಿಹಾರ ಬರದಿದ್ದರೆ ವಕೀಲರ ಬಳಿ ಹೋಗುವಾಗ ಪಹಣಿ, ಬೆಳೆಹಾನಿ ಅರ್ಜಿಯ ಸ್ವೀಕೃತಿ, ಮಹಜರಿನ ನಕಲು, ದಿನಾಂಕ ಕಾಣುವ ಫೋಟೊಗಳು ಮತ್ತು ಆ ಎರಡು ಉತ್ತರಗಳ ಪ್ರತಿಗಳನ್ನು ಒಟ್ಟಿಗೆ ಒಯ್ಯಿರಿ. ಸ್ವೀಕೃತಿ ಇಲ್ಲದೆ ಕೊಟ್ಟ ಅರ್ಜಿ ಯಾವುದಾದರೂ ಇದ್ದರೆ ಈ ವಾರವೇ ಅದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಮತ್ತೆ ಕಳುಹಿಸಿ.